ರಾತ್ರಿ ಹಿತ್ತಲಿಗೆ ಬಂದವರು ಯಾರು?

ಸಿಂಧನೂರು, ಲಿಂಗಸುಗೂರು, ಮಸ್ಕಿ. ನಮ್ಮ ಗುಂಪಿನ ಮೂವರ ಮನೆಗಳು ಈ ಮೂರು ತಾಲ್ಲೂಕುಗಳಲ್ಲಿವೆ. ಕಳೆದ ವರ್ಷ ಮೂವರೂ ದುಡ್ಡು ಕೂಡಿಸಿ ಆನ್‌ಲೈನಿನಲ್ಲಿ ಒಂದು ಅಗ್ಗದ ಟ್ರೇಲ್ ಕ್ಯಾಮೆರಾ ತರಿಸಿದೆವು. ಊಟದ ಡಬ್ಬಿಯಷ್ಟು ದೊಡ್ಡದು, ಎಲೆ ಮಣ್ಣಿನ ಬಣ್ಣದ್ದು. ಹೊಟ್ಟೆಗೆ ಎಂಟು ಪೆನ್ಸಿಲ್ ಸೆಲ್, ಮೊಬೈಲಿಗೆ ಹಾಕುವಂಥದೇ ಒಂದು ಮೆಮೊರಿ ಕಾರ್ಡು. ಗಿಡಕ್ಕೆ ಪಟ್ಟಿ ಕಟ್ಟಿ ಬಿಟ್ಟು ಬಂದರೆ ಸಾಕು, ಮುಂದೆ ಏನಾದರೂ ಹಾದುಹೋದರೆ ತಾನೇ ಫೋಟೊ ತೆಗೆಯುತ್ತದೆ.

ಮೊದಲ ರಾತ್ರಿ ಸಿಂಧನೂರಿನ ಕಡೆಯ ಮನೆಯ ಹಿತ್ತಲಲ್ಲಿ ಬೇವಿನ ಗಿಡಕ್ಕೆ ಕಟ್ಟಿದೆವು. ಬೆಳಿಗ್ಗೆ ಕಾರ್ಡು ತೆಗೆದರೆ ನಾಲ್ಕು ನೂರಕ್ಕೂ ಹೆಚ್ಚು ಚಿತ್ರ! ಖುಷಿಯಿಂದ ನೋಡುತ್ತ ಹೋದೆವು. ತೂಗಾಡುವ ಬೇವಿನ ಟೊಂಗೆ, ಹಗ್ಗದ ಮೇಲೆ ಒಣಹಾಕಿದ ಸೀರೆ, ಮತ್ತೆ ಟೊಂಗೆ, ಮತ್ತೆ ಸೀರೆ. ನಡುವೆ ರಾತ್ರಿ 2.17ರ ಒಂದೇ ಒಂದು ಚಿತ್ರದಲ್ಲಿ ಯಾವುದೋ ಪ್ರಾಣಿಯ ಹಿಂಭಾಗ ಇತ್ತು. ನಾಯಿ ಅಂದ ಒಬ್ಬ. ನರಿ ಅಂದ ಇನ್ನೊಬ್ಬ. ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದೇ ತಪ್ಪಾಯಿತು, ಅರ್ಧ ತಾಸಿನಲ್ಲಿ ಅದು ‘ಚಿರತೆ ಮರಿ’ ಆಗಿ ಪಕ್ಕದ ಕ್ಯಾಂಪಿನವರೆಗೂ ಹೋಗಿ ಬಂತು.

ಆಗ ಪಕ್ಕದ ಮನೆಯ ಮುತ್ಯಾ ಬಂದರು. ಕುರಿ ಕಾಯ್ದು ಜೀವನ ಮಾಡಿದವರು. ನಾವು ಮೊಬೈಲ್ ಹಿಡಿದರೆ ಅದನ್ನು ನೋಡಲಿಲ್ಲ. ನಳದ ಕೆಳಗಿನ ಹಸಿ ಮಣ್ಣಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, “ಬೆಕ್ಕಲೇ ತಮ್ಮಾ, ಕಾಡಬೆಕ್ಕು. ಹೆಜ್ಜ್ಯಾಗ ಉಗುರು ಮೂಡಿಲ್ಲ ನೋಡು. ನಾಯಿ ಆಗಿದ್ರ, ನರಿ ಆಗಿದ್ರ ಉಗುರು ಮೂಡತಿತ್ತು” ಅಂದರು. ಬೆಕ್ಕಿನ ಜಾತಿಯವು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಳ್ಳುತ್ತವೆ. ಇದು ನಮಗೂ ಗೊತ್ತಿತ್ತು, ಪುಸ್ತಕದಲ್ಲಿ ಓದಿ. ಆದರೆ ನೆಲ ನೋಡಬೇಕು ಅನ್ನುವುದು ತಲೆಗೆ ಹೊಳೆದಿರಲಿಲ್ಲ.

ಕ್ಯಾಮೆರಾ ಹೊಸದು ನಿಜ, ನೋಡುವ ಕೆಲಸ ಹೊಸದಲ್ಲ. ಹಾಗಾದರೆ ನಮ್ಮ ಈ ಎರೆಭೂಮಿಯಲ್ಲಿ, ಗುಡ್ಡದ ಸಾಲಿನಲ್ಲಿ ಹಿಂದೆ ಯಾರು ನೋಡುತ್ತಿದ್ದರು, ಏನನ್ನು ನೋಡಿದರು, ಅದು ಎಲ್ಲಿ ಉಳಿದಿದೆ? ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ತೀರ ಹಳೆಯ ಗುರುತುಗಳು ನಮ್ಮ ಮಗ್ಗುಲಲ್ಲೇ ಇವೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಹತ್ತಿರದ ಪಿಕಳಿಹಾಳದಲ್ಲಿ 1952ರಲ್ಲಿ ಆಲ್ಚಿನ್ ಎಂಬ ಇಂಗ್ಲೆಂಡಿನ ಪುರಾತತ್ತ್ವಜ್ಞರು ಅಗೆತ ಮಾಡಿಸಿದರು. ಅಲ್ಲಿನ ಬಂಡೆಗಳ ಮೇಲೆ ನವಶಿಲಾಯುಗದ ಜನ ಕುಟ್ಟಿ ಮೂಡಿಸಿದ ಚಿತ್ರಗಳಿವೆ. ಅವುಗಳಲ್ಲಿ ದನಗಳದ್ದೇ ಹೆಚ್ಚು. ಉದ್ದ ಕೊಂಬು, ಎದ್ದುಕಾಣುವ ಇಣಿ. ಮನೆಯ ಪ್ರಾಣಿಯನ್ನು ಎಷ್ಟು ಹೊತ್ತು ನೋಡಿದ್ದರೆ ಹಾಗೆ ಕುಟ್ಟಲು ಬಂದೀತು ಯೋಚಿಸಿ. ಅದೇ ಆಲ್ಚಿನ್ 1957ರಲ್ಲಿ ಕೃಷ್ಣೆಯ ಆಚೆ, ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಬೂದಿದಿಬ್ಬವೊಂದನ್ನು ಅಗೆಸಿದಾಗ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ದೊಡ್ಡಿಯ ಸಗಣಿ ಸುಟ್ಟು ಸುಟ್ಟು ದಿಬ್ಬವಾದ ಜಾಗ ಅದು. ಮುತ್ಯಾ ನಳದ ಕೆಳಗೆ ನೋಡಿದಂಥ ಹೆಜ್ಜೆಗಳೇ, ಯಾರೂ ಅಳಿಸದೆ ಉಳಿದಿದ್ದವು ಅಷ್ಟೆ.

ಮಸ್ಕಿಯ ಮಾತು ಬಂದರೆ ಅಶೋಕನನ್ನು ಬಿಡುವ ಹಾಗಿಲ್ಲ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಕಣ್ಣಿಗೆ ಬಿದ್ದ ಆ ಬಂಡೆಗಲ್ಲಿನ ಶಾಸನದಿಂದಲೇ ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಎಂಬುದು ಗಟ್ಟಿಯಾಯಿತು. ಇದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಮಸ್ಕಿ ಶಾಸನದಲ್ಲಿ ಪ್ರಾಣಿಗಳ ಸುದ್ದಿ ಇಲ್ಲ. ಆದರೆ ಅದೇ ಅರಸ ಉತ್ತರ ಭಾರತದ ಕಂಬಗಳ ಮೇಲೆ ಕೊಲ್ಲಬಾರದ ಜೀವಿಗಳ ಪಟ್ಟಿಯನ್ನೇ ಕೆತ್ತಿಸಿದ. ಗಿಳಿ, ಬಾವಲಿ, ಆಮೆ, ಮುಳ್ಳಹಂದಿ, ಅಳಿಲು ಅದರಲ್ಲಿವೆ. ಕೊನೆಗೆ, ಬಳಕೆಗೂ ಬಾರದ, ತಿನ್ನಲಿಕ್ಕೂ ಬಾರದ ನಾಲ್ಕು ಕಾಲಿನ ಪ್ರಾಣಿಗಳೆಲ್ಲವನ್ನೂ ಸೇರಿಸಿದ್ದಾನೆ. ನಮ್ಮ ಹಿತ್ತಲಿಗೆ ರಾತ್ರಿ ಬರುವವೆಲ್ಲ ಈ ಕೊನೆಯ ಗುಂಪಿನವೇ.

ಆಮೇಲೆ ಬಹಳ ಕಾಲ ಬಿಟ್ಟು ಒಬ್ಬ ಇಂಗ್ಲಿಷ್ ಅಧಿಕಾರಿ ಬರುತ್ತಾನೆ. ಅವನ ಕಥೆ ನಮಗೆ ಬಹಳ ಹಿಡಿಸಿತು, ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇವೆ.

1824ರ ಅಕ್ಟೋಬರಿನಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಸತ್ತದ್ದು, ರಾಣಿ ಚೆನ್ನಮ್ಮ ಇಬ್ಬರು ಇಂಗ್ಲಿಷ್ ಅಧಿಕಾರಿಗಳನ್ನು ಸೆರೆಹಿಡಿದು ಇಟ್ಟುಕೊಂಡದ್ದು ನಿಮಗೆ ಗೊತ್ತು. ಆ ಇಬ್ಬರಲ್ಲಿ ಒಬ್ಬ ಸ್ಟೀವನ್‌ಸನ್, ಇನ್ನೊಬ್ಬ ವಾಲ್ಟರ್ ಎಲಿಯಟ್. ಆಗ ಎಲಿಯಟ್‌ಗೆ ಇಪ್ಪತ್ತರ ಮೇಲೆ ಒಂದು ವಯಸ್ಸು, ಅಂದರೆ ನಾವು ಪತ್ರಿಕೋದ್ಯಮ ಪದವಿ ಮುಗಿಸಿದಾಗಿನ ವಯಸ್ಸು. ಬಿಡುಗಡೆಯಾದ ಮೇಲೂ ಅವನು ಈ ಸೀಮೆ ಬಿಟ್ಟು ಹೋಗಲಿಲ್ಲ. ಧಾರವಾಡ ಸುತ್ತಮುತ್ತ ಕೆಲಸ ಮಾಡುತ್ತ ಕನ್ನಡ ಕಲಿತ, ನೂರಾರು ಶಾಸನಗಳ ಪ್ರತಿ ತೆಗೆಸಿದ, ಹಾಗೆಯೇ ಇಲ್ಲಿನ ಸಸ್ತನಿ ಪ್ರಾಣಿಗಳನ್ನೆಲ್ಲ ಪಟ್ಟಿ ಮಾಡಿದ. ಆ ಪಟ್ಟಿ 1839ರಲ್ಲಿ ಮದ್ರಾಸಿನ ಒಂದು ವಿದ್ವತ್ ಪತ್ರಿಕೆಯಲ್ಲಿ ಅಚ್ಚಾಯಿತು. ಪ್ರತಿ ಪ್ರಾಣಿಯ ಮುಂದೆ ಇಲ್ಲಿನ ಜನ ಕರೆಯುವ ಹೆಸರನ್ನೂ ಬರೆದಿಟ್ಟ.

ಈ ಪಟ್ಟಿಯಲ್ಲಿ ನಮ್ಮ ಕಣ್ಣು ಹುಲಿ ಚಿರತೆಯ ಮೇಲೆ ನಿಲ್ಲಲಿಲ್ಲ, ಇಲಿಗಳ ಮೇಲೆ ನಿಂತಿತು. ನಾವು ಹೊಲದಲ್ಲಿ ಎಲ್ಲವನ್ನೂ ‘ಇಲಿ’ ಅಂದು ಮುಗಿಸುತ್ತೇವೆ. ಎಲಿಯಟ್‌ಗೆ ಜನ ಒಂದೊಂದನ್ನೂ ಬೇರೆ ಮಾಡಿ ಹೇಳಿದ್ದರು. ಪೊದೆಯಲ್ಲಿ ಹುಲ್ಲಿನ ಗೂಡು ಕಟ್ಟುವುದು ‘ಗುಲಂದಿ’. ಬಿಲದಲ್ಲಿ ಕಾಳು ಕೂಡಿಡುವುದು ‘ಕೊಕ್’. ಎರೆಹೊಲದ ಬಿರುಕುಗಳಲ್ಲಿ ಇರುವ ಮೆತ್ತನೆ ಕೂದಲಿನದನ್ನು ಒಡ್ಡರು ‘ಮೆಟ್ಟಾಡೆ’ ಅನ್ನುತ್ತಿದ್ದರು. ಲಂಡನ್ನಿನಲ್ಲಿ ಕೂತು ಇವಕ್ಕೆ ಲ್ಯಾಟಿನ್ ಹೆಸರು ಕೊಟ್ಟ ಗ್ರೇ ಎಂಬ ವಿಜ್ಞಾನಿ 1837ರಲ್ಲಿ ಈ ಹೆಸರುಗಳನ್ನೇ ಎತ್ತಿಕೊಂಡ. ಗುಲಂದಿಯ ವೈಜ್ಞಾನಿಕ ಹೆಸರು ಇಂದಿಗೂ ‘ಗೋಲುಂಡ ಎಲಿಯೋಟಿ’. ಮೆಟ್ಟಾಡೆಯದು ‘ಮಿಲ್ಲಾರ್ಡಿಯ ಮೆಲ್ಟಾಡ’, ‘ಟ’ ಒಂದು ‘ಲ’ ಆಗಿದೆ ಅಷ್ಟೆ. ಜಗತ್ತಿನ ಯಾವ ಮೂಲೆಯಲ್ಲಿ ಕೂತ ಪ್ರಾಣಿಶಾಸ್ತ್ರಜ್ಞನಾದರೂ ಈ ಇಲಿಗಳ ಹೆಸರು ಹೇಳುವಾಗ ನಮ್ಮ ಕಡೆಯ ಮಾತನ್ನೇ ಆಡಬೇಕು.

ಎಲಿಯಟ್‌ನ ಹೆಸರು ಲ್ಯಾಟಿನ್ನಿನಲ್ಲಿ ಸೇರಿತು. ಹೆಸರು ಹೇಳಿಕೊಟ್ಟ ಒಡ್ಡರ ಮನುಷ್ಯ ಯಾರು, ಅವನ ಹೆಸರೇನು? ಅದು ಎಲ್ಲೂ ಇಲ್ಲ.

ಆ ಬರಹದಲ್ಲಿ 1826ರ ಒಂದು ಸಂಗತಿ ಇದೆ, ಎರೆಹೊಲ ಮಾಡುವ ಯಾರಿಗಾದರೂ ಓದಿದ ಕೂಡಲೇ ಎದೆಗೆ ತಾಗುವಂಥದು. ಬೇಸಿಗೆಯಲ್ಲಿ ಎರೆಮಣ್ಣು ಬಿರಿಯುತ್ತದೆ, ಕಾಲು ಹೋಗುವಷ್ಟು ಬಿರುಕು. ಮೆಟ್ಟಾಡೆಗಳು ಅದರಲ್ಲಿ ಇರುತ್ತವೆ. ಮುಂಗಾರು ಬಿದ್ದಾಗ ಬಿರುಕು ಮುಚ್ಚಿ ವರ್ಷವೂ ಬಹಳಷ್ಟು ಒಳಗೇ ಸಾಯುತ್ತವೆ. 1826ರಲ್ಲಿ ಮೊದಲ ಮಳೆ ಕೈಕೊಟ್ಟಿತು. ಬಿರುಕು ಮುಚ್ಚಲಿಲ್ಲ, ಇಲಿ ಸಾಯಲಿಲ್ಲ. ಬಿತ್ತಿದ ಬೀಜ ಬಿತ್ತಿದ ಹಾಗೇ ತಿಂದವು. ಉಳಿದು ಬೆಳೆದ ಜೋಳದ ದಂಟು ಹತ್ತಿ ತೆನೆ ಕತ್ತರಿಸಿ ಕೆಡವಿದವು. ರೈತರಿಗೆ ಕಂದಾಯ ಕಟ್ಟಲಾಗಲಿಲ್ಲ. ಇಷ್ಟು ಡಜನ್ ಇಲಿಗೆ ಇಷ್ಟು ಕಾಳು ಎಂದು ಮಾತಾಡಿ ಒಡ್ಡರನ್ನು ಹಚ್ಚಿದರು. ಅವರು ಸಾವಿರಗಟ್ಟಲೆ ಹೊಡೆದರೂ ಇಲಿಯ ಲೆಕ್ಕ ಇಳಿಯಲಿಲ್ಲ ಎಂದು ಎಲಿಯಟ್ ಬರೆಯುತ್ತಾನೆ. ಇದು ನಡೆದದ್ದು ಧಾರವಾಡದ ಕಡೆ. ನಮ್ಮ ದೋಆಬ ಆಗ ನಿಜಾಮನ ಆಡಳಿತದಲ್ಲಿತ್ತು. ಆದರೆ ಮಣ್ಣು ಅದೇ, ಜೋಳ ಅದೇ.

ಕೊಕ್ ಬಗ್ಗೆಯೂ ಒಂದು ಮಾತು. ಸುಗ್ಗಿಯಲ್ಲಿ ಅದರ ಬಿಲ ಅಗೆದರೆ ಒಮ್ಮೊಮ್ಮೆ ಅರ್ಧ ಸೇರು ಕಾಳು, ಇಡಿ ಜೋಳದ ತೆನೆಗಳೇ ಸಿಗುತ್ತಿದ್ದವಂತೆ. ಕೆರೆ ತೋಡುವ ಒಡ್ಡರು ಒಳ್ಳೆಯ ಜಾಗದಲ್ಲಿ ಆ ದಿನಗಳನ್ನು ಹೆಚ್ಚುಕಡಿಮೆ ಆ ಕಾಳಿನಿಂದಲೇ ಕಳೆಯುತ್ತಿದ್ದರು. ಯಾವ ಇಲಿ ಎಲ್ಲಿರುತ್ತದೆ, ಯಾವುದು ಕೂಡಿಡುತ್ತದೆ, ಯಾವುದು ಕೂಡಿಡುವುದಿಲ್ಲ ಎಂಬುದನ್ನು ಅವರು ಹವ್ಯಾಸಕ್ಕೆ ಕಲಿತದ್ದಲ್ಲ. ಹೊಟ್ಟೆಯ ಪ್ರಶ್ನೆ ಅದು.

ಇಲಿಯನ್ನು ತಿನ್ನುವ ಪ್ರಾಣಿಗಳ ಕಥೆ ಆ ಕಾಲದಲ್ಲಿ ಬೇರೆಯೇ ದಾರಿ ಹಿಡಿಯಿತು. ಬ್ರಿಟಿಷ್ ಸರ್ಕಾರ ಹುಲಿ, ಚಿರತೆ, ತೋಳಗಳನ್ನು ಕೊಂದು ತಂದವರಿಗೆ ಇನಾಮು ಕೊಡುತ್ತಿತ್ತು. ಇತಿಹಾಸಕಾರ ಮಹೇಶ್ ರಂಗರಾಜನ್ ಸರ್ಕಾರಿ ದಾಖಲೆಗಳನ್ನು ಕೂಡಿಸಿ ಹೇಳುವ ಲೆಕ್ಕ ಹೀಗಿದೆ: 1875ರಿಂದ 1925ರವರೆಗಿನ ಐವತ್ತು ವರ್ಷದಲ್ಲಿ 80,000ಕ್ಕೂ ಹೆಚ್ಚು ಹುಲಿ, 1,50,000ಕ್ಕೂ ಹೆಚ್ಚು ಚಿರತೆ, 2,00,000 ತೋಳ. ಇದು ಇನಾಮಿನ ಲೆಕ್ಕ ಮಾತ್ರ. ಲಿಂಗಸುಗೂರಿನಲ್ಲಿ ಆಗ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿ ಇತ್ತು. ಅಂಥ ಛಾವಣಿಯ ಸಾಹೇಬರಿಗೆ ಶಿಕಾರಿ ಅಂದರೆ ಬಿಡುವಿನ ಆಟ.

ಎಲಿಯಟ್ ಪಟ್ಟಿಯಲ್ಲಿ ‘ಸಿವಂಗಿ’ ಇದೆ, ಅಂದರೆ ಚೀತಾ. ಹುಲ್ಲುಗಾವಲಿನಲ್ಲಿ ಚಿಗರಿಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಿದ್ದ ಪ್ರಾಣಿ. 1952ರಲ್ಲಿ ಅದು ಭಾರತದಲ್ಲಿ ಅಳಿದುಹೋಯಿತೆಂದು ಸರ್ಕಾರವೇ ಹೇಳಿತು. ಚಿಗರಿ ಮಾತ್ರ ಇನ್ನೂ ನಮ್ಮ ಕಡಲೆ ಹೊಲಕ್ಕೆ ಬರುತ್ತದೆ. ಹಿಂದೆ ಯಾರೂ ಅಟ್ಟಿಸಿಕೊಂಡು ಬರದಿದ್ದರೂ ಅದೇ ಓಟ ಓಡುತ್ತದೆ.

ಈಗ ಕ್ಯಾಮೆರಾದ ಕಥೆ. ಇದು ಹುಟ್ಟಿದ್ದು ಬೇಟೆಯಿಂದಲೇ. ಪ್ರಾಣಿ ಓಡಾಡುವ ದಾರಿಗೆ ಅಡ್ಡ ತಂತಿ ಕಟ್ಟಿ ಅದರ ತುದಿಯನ್ನು ಬಂದೂಕಿನ ಕುದುರೆಗೆ ಜೋಡಿಸುವ ಪದ್ಧತಿ ಹಳೆಯದು, ಪ್ರಾಣಿ ತಾನೇ ಎಳೆದು ತಾನೇ ಸಾಯುತ್ತಿತ್ತು. ಅಮೆರಿಕದ ಜಾರ್ಜ್ ಶೈರಾಸ್ ಎಂಬ ವಕೀಲ 1890ರ ದಶಕದಲ್ಲಿ ಬಂದೂಕಿನ ಜಾಗದಲ್ಲಿ ಕ್ಯಾಮೆರಾ ಇಟ್ಟ. ದೋಣಿಯ ಮೂತಿಗೆ ದೀಪ ಕಟ್ಟಿಕೊಂಡು ರಾತ್ರಿ ಜಿಂಕೆಯ ಹತ್ತಿರ ಸರಿಯುವ ಉಪಾಯವನ್ನು ಅವನು ಕಲಿತದ್ದು ಅಲ್ಲಿನ ಒಜಿಬ್ವೆ ಬುಡಕಟ್ಟಿನ ಬೇಟೆಗಾರರಿಂದ. ನೋಡಿ, ಇಲ್ಲಿಯೂ ಅದೇ ಕಥೆ. 1906ರ ಜುಲೈನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವನ 74 ಚಿತ್ರಗಳನ್ನು ಒಟ್ಟಿಗೆ ಅಚ್ಚು ಹಾಕಿತು.

ಭಾರತದಲ್ಲಿ ಈ ಕೆಲಸ ಮಾಡಿದವರು ಎಫ್. ಡಬ್ಲ್ಯು. ಚಾಂಪಿಯನ್. ಆಗಿನ ಸಂಯುಕ್ತ ಪ್ರಾಂತದ, ಅಂದರೆ ಈಗಿನ ಉತ್ತರ ಪ್ರದೇಶ, ಉತ್ತರಾಖಂಡದ ಕಾಡುಗಳಲ್ಲಿ ಅರಣ್ಯಾಧಿಕಾರಿ. ಹುಲಿಯ ದಾರಿಯಲ್ಲಿ ತೆಳು ತಂತಿ ಕಟ್ಟಿ, ಅದು ಎಳೆದಾಗ ಮೆಗ್ನೀಸಿಯಂ ಪುಡಿ ಭಗ್ಗೆಂದು ಹೊತ್ತಿ ಚಿತ್ರ ಮೂಡುವಂತೆ ಮಾಡಿದ್ದರು. ಒಂದು ರಾತ್ರಿಗೆ ಒಂದೇ ಅವಕಾಶ, ಹುಲಿಯ ಬದಲು ನರಿ ಎಳೆದರೆ ಅಂದಿನ ದುಡಿಮೆ ಮುಗಿಯಿತು. ಅವರ ಪುಸ್ತಕ 1927ರಲ್ಲಿ ಬಂತು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಹೋಲುವುದಿಲ್ಲ ಎಂಬುದನ್ನೂ ಅವರು ಕಂಡುಕೊಂಡಿದ್ದರು.

ಆ ಮಾತನ್ನು ಲೆಕ್ಕಕ್ಕೆ ಹಚ್ಚಿದ್ದು ಮಾತ್ರ ಕರ್ನಾಟಕದಲ್ಲಿ. ನಾಗರಹೊಳೆಯಲ್ಲಿ 1990ರ ದಶಕದ ಆರಂಭದಲ್ಲಿ ಉಲ್ಲಾಸ ಕಾರಂತರು ಕ್ಯಾಮೆರಾಗಳನ್ನು ಕಟ್ಟಿದರು. ಶಿವರಾಮ ಕಾರಂತರ ಮಗ. ಅದುವರೆಗೆ ದೇಶದಲ್ಲಿ ಹುಲಿ ಎಣಿಸುತ್ತಿದ್ದದ್ದು ಹೆಜ್ಜೆ ಗುರುತಿನಿಂದ. ಕಾವಲುಗಾರರು ಹೆಜ್ಜೆಯನ್ನು ಗಾಜಿನ ಮೇಲಿಂದ ಬರೆದುಕೊಳ್ಳುವುದು, ಅವನ್ನು ಹೋಲಿಸಿ ಇಷ್ಟು ಹುಲಿ ಅನ್ನುವುದು. ಬೆಕ್ಕೋ ನಾಯಿಯೋ ಎಂದು ಹೆಜ್ಜೆ ಹೇಳುತ್ತದೆ, ಮುತ್ಯಾ ಹೇಳಿದ ಹಾಗೆ. ಆದರೆ ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಥರ, ದೂಳಿನಲ್ಲಿ ಒಂದು ಥರ. ಇದು ಆ ಹುಲಿಯೋ ಈ ಹುಲಿಯೋ ಎಂದು ಅದರಿಂದ ಹೇಳುವುದು ಕಷ್ಟ. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದವು, 2005ರಲ್ಲಿ ಹುಡುಕಿದರೆ ಒಂದೂ ಇರಲಿಲ್ಲ.

ಕಾರಂತರು ಬಳಸಿದ ಲೆಕ್ಕ ನಮಗೆ ಹೊಸದಲ್ಲ, ಕೆರೆಯ ಉದಾಹರಣೆ ತೆಗೆದುಕೊಳ್ಳಿ. ಬಲೆ ಬೀಸಿ 20 ಮೀನು ಹಿಡಿದು, ಗುರುತು ಮಾಡಿ ಮತ್ತೆ ನೀರಿಗೆ ಬಿಡಿ. ಕೆಲವು ದಿನ ಬಿಟ್ಟು ಮತ್ತೆ 20 ಹಿಡಿಯಿರಿ. ಅದರಲ್ಲಿ 5ಕ್ಕೆ ಗುರುತಿದ್ದರೆ, ಹಿಡಿದದ್ದರಲ್ಲಿ ಕಾಲುಭಾಗ ಹಳೆಯವು. ಅಂದರೆ ಮೊದಲ 20 ಇಡೀ ಕೆರೆಯ ಕಾಲುಭಾಗ, ಕೆರೆಯಲ್ಲಿ ಸುಮಾರು 80 ಮೀನು. ಹುಲಿಗೆ ಗುರುತು ಮಾಡಬೇಕಿಲ್ಲ, ಪಟ್ಟೆಯೇ ಗುರುತು. ಅಮೆರಿಕದ ಜಿಮ್ ನಿಕೋಲ್ಸ್ ಜೊತೆ ಕೂಡಿ ಅವರು ಈ ಲೆಕ್ಕವನ್ನು ಗಟ್ಟಿ ಮಾಡಿದರು. ಈ ಬಗೆಯ ಎಣಿಕೆಯ ಮೊದಲ ಪ್ರಬಂಧ ಬಂದದ್ದು 1995ರಲ್ಲಿ. 2006ರಿಂದ ದೇಶದ ಹುಲಿ ಗಣತಿಯೇ ಕ್ಯಾಮೆರಾಕ್ಕೆ ಬಂತು. 2018ರ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದರು. ಬಂದ ಚಿತ್ರಗಳು 3.48 ಕೋಟಿ. ಅದರಲ್ಲಿ ಹುಲಿಯವು 76,651 ಮಾತ್ರ. ಉಳಿದದ್ದರಲ್ಲಿ ತೂಗುವ ಟೊಂಗೆ ಎಷ್ಟಿತ್ತೋ, ನಮ್ಮ ನಾಲ್ಕು ನೂರು ನೆನೆದು ಸಮಾಧಾನವಾಯಿತು.

ಈಗಿನ ಅಗ್ಗದ ಡಬ್ಬಿಯಲ್ಲಿ ತಂತಿ ಇಲ್ಲ. ಎದುರಿಗಿನ ಬಿಸಿ ಸರಿದಾಡಿದರೆ ತಿಳಿಯುವ ಸೆನ್ಸರ್ ಇದೆ. ಮೈ ಬಿಸಿಯ ಪ್ರಾಣಿ ಹಾದರೆ ಅದು ಕ್ಯಾಮೆರಾವನ್ನು ಎಬ್ಬಿಸುತ್ತದೆ. ರಾತ್ರಿ ಕಣ್ಣಿಗೆ ಕಾಣದ ಕೆಂಪು ಬೆಳಕು ಬಿಟ್ಟು ಕಪ್ಪು ಬಿಳುಪು ಚಿತ್ರ ತೆಗೆಯುತ್ತದೆ. ಬಿಸಿಲಿಗೆ ಕಾದ ಎಲೆ ಗಾಳಿಗೆ ಅಲುಗಿದರೂ ಅದು ಪ್ರಾಣಿ ಎಂದುಕೊಳ್ಳುತ್ತದೆ. ಇನ್ನೊಂದು ತೊಂದರೆ ನಮ್ಮ ಜಿಲ್ಲೆಯದೇ: ಮೇ ತಿಂಗಳಲ್ಲಿ ಕಲ್ಲು ಗೋಡೆ, ನೆಲ ಎಲ್ಲ ಪ್ರಾಣಿಯ ಮೈಯಷ್ಟೇ ಕಾದಿರುತ್ತವೆ, ಸಂಜೆಗೂ ಆರುವುದಿಲ್ಲ. ಆಗ ಸೆನ್ಸರಿಗೆ ವ್ಯತ್ಯಾಸ ತಿಳಿಯದೆ ಎದುರಿಗೇ ಹೋದದ್ದನ್ನೂ ಬಿಟ್ಟುಬಿಡುತ್ತದೆ. ಬೇಸಿಗೆಯಲ್ಲಿ ಕಾರ್ಡು ಖಾಲಿ ಎಂದರೆ ಹಿತ್ತಲು ಖಾಲಿ ಎಂದಲ್ಲ. ನೀವೂ ತರಿಸಿದರೆ ಮೊಣಕಾಲೆತ್ತರಕ್ಕೆ ಕಟ್ಟಿ, ಮುಖ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ, ಎದುರಿನ ಹುಲ್ಲು ಕಿತ್ತುಹಾಕಿ. ನಮ್ಮ ಎತ್ತರಕ್ಕೆ ಕಟ್ಟಿದ್ದರಿಂದಲೇ ಮೊದಲ ರಾತ್ರಿ ಸೀರೆಗಳೆಲ್ಲ ಬಂದದ್ದು.

ಮೂರು ತಾಲ್ಲೂಕು ಸುತ್ತಿಸಿದ ಮೇಲೆ ಏನು ಸಿಕ್ಕಿತು? ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. 1953ರಲ್ಲಿ ಅಣೆಕಟ್ಟೆಯ ನೀರು ಹರಿದ ಮೇಲೆ ಜೋಳದ ಎರೆಹೊಲಗಳು ಭತ್ತದ ಗದ್ದೆಯಾದವು, ಕ್ಯಾಂಪುಗಳು ಎದ್ದವು. ಬಿರುಕು ಬಿಡದ ನೆಲದಲ್ಲಿ ಮೆಟ್ಟಾಡೆಗೆ ಏನು ಕೆಲಸ? ಅಲ್ಲಿ ನಮ್ಮ ಕ್ಯಾಮೆರಾಕ್ಕೆ ಬಿದ್ದದ್ದು ಹೆಗ್ಗಣ, ಮುಂಗುಸಿ, ಕಾಡುಬೆಕ್ಕು. ಕಾಡುಬೆಕ್ಕಿಗೆ ಜೊಂಡು, ಗದ್ದೆ, ಕಾಲುವೆಯ ದಂಡೆ ಒಗ್ಗುತ್ತವೆ. ಕಿವಿಯ ತುದಿಗೆ ಸಣ್ಣ ಕುಚ್ಚು, ಗಿಡ್ಡ ಬಾಲ, ಬಾಲದ ತುದಿಗೆ ಕರಿ ಉಂಗುರ ನೋಡಿದರೆ ಗುರುತು ಸಿಗುತ್ತದೆ. ಲಿಂಗಸುಗೂರಿನ ಗುಡ್ಡದ ಮಗ್ಗುಲಲ್ಲಿ ಮೊಲ, ಮುಳ್ಳಹಂದಿ, ಒಮ್ಮೆ ಮಾತ್ರ ನರಿ. ತೋಳ ಸಿಗಲಿಲ್ಲ. ತೋಳಕ್ಕೆಂದೇ ಪಕ್ಕದ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಒಂದು ಧಾಮವಾಗಿದೆ. ಅದಕ್ಕೂ ಮೊದಲು, 2015ರಲ್ಲಿ, ತುಂಗಭದ್ರೆಯ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ನದಿಯನ್ನು ನೀರುನಾಯಿಗಳಿಗಾಗಿ ಮೀಸಲಿಟ್ಟರು. ಇನಾಮು ಕೊಟ್ಟು ಕೊಲ್ಲಿಸಿದ ಕಾಲದಿಂದ ಇಲ್ಲಿಗೆ ಬಂದಿದ್ದೇವೆ.

ಮಸ್ಕಿಯ ಹತ್ತಿರದ ಹಳ್ಳಿಯಲ್ಲಿ ನಮಗೆ ನಿಜವಾದ ಪರೀಕ್ಷೆ ಆಯಿತು. ನಮ್ಮವನೊಬ್ಬನ ಚಿಕ್ಕಮ್ಮನ ಮನೆಯಲ್ಲಿ ವಾರದಲ್ಲಿ ನಾಲ್ಕು ಕೋಳಿ ಹೋದವು. ನಾಲ್ಕು ನಾಟಿ ಕೋಳಿ ಎಂದರೆ ಆ ಮನೆಗೆ ಸಣ್ಣ ಮಾತಲ್ಲ. ಕಾಡುಬೆಕ್ಕೇ ಒಯ್ದದ್ದು ಎಂದು ಓಣಿಯವರೆಲ್ಲ ತೀರ್ಮಾನಿಸಿದ್ದರು. ಕೋಳಿ ಕರುಳಿಗೆ ಬೆಳೆಯ ಗುಳಿಗೆ ಔಷಧ ಕಲಸಿ ತಿಪ್ಪೆಯ ಹತ್ತಿರ ಇಡುವುದು ಎಂದೂ ಆಗಿತ್ತು. ಐದು ದಿನ ಕೊಡಿ ಎಂದು ಕೈ ಮುಗಿದೆವು.

ಮೊದಲ ರಾತ್ರಿ ಓಣಿಯದೇ ಕರಿ ನಾಯಿ, ಬುಟ್ಟಿಯ ಮೇಲಿನ ಕಲ್ಲನ್ನು ಮೂತಿಯಿಂದ ದೂಡುವುದು ಸ್ಪಷ್ಟವಾಗಿ ಬಂತು. ನಾವು ಗೆದ್ದೆವು ಎಂದುಕೊಂಡೆವು. ಎರಡನೆಯ ಮೂರನೆಯ ರಾತ್ರಿ ಕಾಡುಬೆಕ್ಕು ಬಂದು ತಿಪ್ಪೆಯ ಬದಿಯಿಂದ ಹೆಗ್ಗಣ ಕಚ್ಚಿಕೊಂಡು ಹೋಯಿತು. ಇನ್ನೂ ಗೆದ್ದೆವು. ನಾಲ್ಕನೆಯ ರಾತ್ರಿ ಅದೇ ಬೆಕ್ಕು ಒಂದು ಮರಿಕೋಳಿ ಹಿಡಿದುಕೊಂಡು ಹೋಗುವ ಚಿತ್ರವೂ ಬಂತು. ಮುಚ್ಚಿಡಲು ಮನಸ್ಸಾಗಲಿಲ್ಲ, ತೋರಿಸಿದೆವು. ಚಿಕ್ಕಮ್ಮ ಮೊಬೈಲ್ ಹತ್ತಿರ ಹಿಡಿದು ನೋಡಿ, “ನಿಮ್ಮ ಬೆಕ್ಕೂ ಕಳ್ಳ ಹೌದೇಳು. ಆದ್ರ ಮೂರು ಕೋಳಿ ನಾಯಿದೇ ಇರಬೇಕು” ಅಂದರು. ಕಾಡುಬೆಕ್ಕು ದಿನಕ್ಕೆ ಮೂರರಿಂದ ಐದು ಇಲಿ ತಿನ್ನುತ್ತದೆ ಎಂಬ ಅಂದಾಜನ್ನು ನಾವು ಹೇಳಿದೆವು, 1826ರ ಕಥೆಯನ್ನೂ ಹೇಳಿದೆವು. ಅದಕ್ಕೆ ಅವರೇನೂ ಕರಗಲಿಲ್ಲ. ವಿಷ ಇಟ್ಟರೆ ಮೊದಲು ಸಾಯುವುದು ಓಣಿಯ ನಾಯಿ, ಜಗಳ ಬರುತ್ತದೆ ಎಂಬುದು ಅವರಿಗೆ ತಟ್ಟಿತು. ಬುಟ್ಟಿಯ ಬದಲು ಹಳೇ ಕಿಟಕಿಯ ಜಾಳಿಗೆ ಹಾಕಿ ಗೂಡು ಮಾಡಿದರು. ಔಷಧದ ಪೊಟ್ಟಣ ಇನ್ನೂ ಅಟ್ಟದ ಮೇಲಿದೆ, ಅದೂ ನಿಜ.

ಇನ್ನೊಂದು ಸಂಗತಿ ಬರೆಯಬೇಕೋ ಬೇಡವೋ ಎಂದು ನಮ್ಮೊಳಗೆ ವಾದವಾಯಿತು. ಲಿಂಗಸುಗೂರಿನ ಕಡೆ ಕ್ಯಾಮೆರಾವನ್ನು ಹಿತ್ತಲಿನ ಬೇಲಿಯಾಚೆ, ಬಳ್ಳಾರಿ ಜಾಲಿಯ ಹತ್ತಿರದ ಕಾಲುದಾರಿಗೆ ಮುಖ ಮಾಡಿ ಕಟ್ಟಿದ್ದೆವು. ಮುಳ್ಳಹಂದಿಯ ಮುಳ್ಳು ಅಲ್ಲಿ ಬಿದ್ದಿತ್ತು. ಬೆಳಿಗ್ಗೆ ಕಾರ್ಡಿನಲ್ಲಿ ಮುಳ್ಳಹಂದಿಯ ಜೊತೆ, ನಸುಕಿನ ಐದಕ್ಕೆ ಚೊಂಬು ಹಿಡಿದು ಹೋಗುವ ಹೆಂಗಸರೂ ಇದ್ದರು. ಆ ದಾರಿ ಯಾತರದ್ದೆಂದು ನಾವು ಯಾರನ್ನೂ ಕೇಳಿರಲಿಲ್ಲ. ಅಲ್ಲೇ ನಿಂತು ಅಳಿಸಿದೆವು. ಆದರೆ ಕ್ಯಾಮೆರಾ ಕಣ್ಣಿಗೆ ಬಿದ್ದಾಗಿತ್ತು. ಅಜ್ಜಿಯೊಬ್ಬರು ಮನೆಗೇ ಬಂದು ಕೇಳಿದರು: “ಪ್ರಾಣಿ ನೋಡಾಕ ಹಚ್ಚೀರೋ, ಮಂದಿ ನೋಡಾಕ ಹಚ್ಚೀರೋ?” ನಮ್ಮಲ್ಲಿ ಉತ್ತರವಿರಲಿಲ್ಲ.

ಇದು ನಮ್ಮೊಬ್ಬರ ತಪ್ಪಲ್ಲ ಎಂದು ತಪ್ಪಿಸಿಕೊಳ್ಳಲು ಹೇಳುತ್ತಿಲ್ಲ, ಆದರೆ ನೀವು ತಿಳಿದಿರಬೇಕು. ಉತ್ತರಾಖಂಡದ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದ ಸುತ್ತ ಕೇಂಬ್ರಿಜ್ ವಿಶ್ವವಿದ್ಯಾಲಯದ ತ್ರಿಶಾಂತ್ ಸಿಮ್ಲೈ ಮಾಡಿದ ಅಧ್ಯಯನ 2024ರ ನವೆಂಬರಿನಲ್ಲಿ ಪ್ರಕಟವಾಯಿತು. ಪ್ರಾಣಿಗೆಂದು ಇಟ್ಟ ಕ್ಯಾಮೆರಾದಲ್ಲಿ ಬಯಲಿಗೆ ಹೋದ ಮಹಿಳೆಯೊಬ್ಬರ ಚಿತ್ರ ಬಿದ್ದು, ಅದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತ್ತು. ಸಿಟ್ಟಿಗೆದ್ದ ಊರವರು ಕ್ಯಾಮೆರಾಗಳನ್ನು ಒಡೆದು ಹಾಕಿದರು. ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಕಾಡಿತು. ಸೌದೆಗೆ ಹೋಗುವ ಹೆಂಗಸರು ಆನೆ, ಹುಲಿ ದೂರ ಸರಿಯಲೆಂದು ಜೋರಾಗಿ ಹಾಡುತ್ತ ಹೋಗುತ್ತಿದ್ದರು. ಯಾರೋ ನೋಡುತ್ತಿದ್ದಾರೆ, ಕೇಳುತ್ತಿದ್ದಾರೆ ಎಂಬ ಅಳುಕಿಗೆ ಹಾಡು ಕಡಿಮೆಯಾಯಿತು. ಪ್ರಾಣಿ ಕಾಯಲು ಇಟ್ಟ ಯಂತ್ರದಿಂದ ಮನುಷ್ಯರ ಕಾವಲು ಹೋಯಿತು.

ಆವತ್ತಿನಿಂದ ನಾವು ಕ್ಯಾಮೆರಾ ಕಟ್ಟುವ ಮುಂಚೆ ಮನೆಯ ಹೆಂಗಸರನ್ನು ಕೇಳುತ್ತೇವೆ, ಗಂಡಸರನ್ನು ಕೇಳಿದರೆ ಅವರಿಗೆ ಆ ದಾರಿ ಗೊತ್ತಿರುವುದಿಲ್ಲ. ಕ್ಯಾಮೆರಾದ ಮುಖ ನಮ್ಮದೇ ಹಿತ್ತಲಿನ ಒಳಗೆ ಇರುತ್ತದೆ. ಅರಣ್ಯ ಇಲಾಖೆಯ ಜಾಗದಲ್ಲಿ ಅನುಮತಿ ಇಲ್ಲದೆ ಕಟ್ಟುವಂತಿಲ್ಲ, ಅದು ಬೇರೆ ಮಾತು. ನರಿಯ ಬಿಲ, ಮುಳ್ಳಹಂದಿಯ ದಾರಿ ಎಲ್ಲಿದೆ ಎಂದು ವಾಟ್ಸಾಪಿಗೆ ಹಾಕುವುದನ್ನೂ ಬಿಟ್ಟಿದ್ದೇವೆ. ಉರುಲು ಹಾಕುವವರ ಕೈಯಲ್ಲೂ ಮೊಬೈಲ್ ಇದೆ. ಆ ಅಜ್ಜಿಗೆ ಮುಳ್ಳಹಂದಿಯ ಚಿತ್ರ ತೋರಿಸಲು ಹೋಗಿದ್ದೆವು. ನೋಡಿದರು. ಏನೂ ಅನ್ನಲಿಲ್ಲ.

ಈಗ ಕ್ಯಾಮೆರಾ ಮಸ್ಕಿಯಲ್ಲಿದೆ, ಕಾಲುವೆ ನೀರು ಮುಟ್ಟದ ಒಂದು ಎರೆಹೊಲದ ಬದುವಿನ ಮೇಲೆ. ಹೋದ ವಾರ ಒಂದು ಇಲಿಯ ಚಿತ್ರ ಬಂದಿದೆ. ಸಣ್ಣದು, ಹೊಟ್ಟೆ ಬೆಳ್ಳಗೆ, ಬಿರುಕಿನ ಬಾಯಲ್ಲಿ ಕೂತಿದೆ. ಎಲಿಯಟ್ ಹೇಳಿದ ಮೆಟ್ಟಾಡೆ ಇದೇನಾ ಎಂದು ಊರಿನ ಭೋವಿ ಓಣಿಯ ಹಿರಿಯರೊಬ್ಬರಿಗೆ ತೋರಿಸಿದೆವು. ಅವರು ಮೊಬೈಲನ್ನು ಹಿಂದಕ್ಕೆ ಕೊಟ್ಟು, “ಫೋಟದಾಗ ಏನ್ ತಿಳೀತೈತಪ. ಬಿಲ ತೋರಸ್ರಿ, ಹೇಳತೀನಿ” ಅಂದರು. ಜೋಳ ಕೊಯ್ಲು ಮುಗಿದ ಮೇಲೆ ಹೋಗುವುದೆಂದು ಮಾತಾಗಿದೆ. ಈ ಸಲ ಹೆಸರು ಹೇಳಿದವರ ಹೆಸರನ್ನೂ, ಅವರು ಒಪ್ಪಿದರೆ, ಬರೆದುಕೊಳ್ಳುತ್ತೇವೆ.